ಕಾರಿಗೂ ಮಡಿ

ನಮ್ಮ ಕಾರಿನ ಮುಂದಿನ ಎಡಚಕ್ರ ಮುರಿದದ್ದು ನಮ್ಮ ನಾದಿನಿಯ ಮನೆಯ ಗೇಟಿನ ಎದುರಿಗೇ. ಇನ್ನೂ ಹತ್ತು ಮಾರು ಹಿಂದೆ ಮುರಿದಿದ್ದರೆ ಯಾರೂ ನೋಡುತ್ತಿರಲಿಲ್ಲ. ಹಲಸೂರು ಕೆರೆಯ ಪಕ್ಕದ ದೊಡ್ಡ ರಸ್ತೆಯಲ್ಲಿ ಮುರಿದಿದ್ದರೆ ನಾನು ಇದನ್ನು ಬರೆಯಲು ಇರುತ್ತಿರಲಿಲ್ಲ. ಆದ್ದರಿಂದ ದೇವರು ಪ್ರಾಣ ಉಳಿಸಿದ, ಮಾನ ಉಳಿಸಲಿಲ್ಲ ಎಂದು ಆವತ್ತೇ ಲೆಕ್ಕ ಹಾಕಿಕೊಂಡೆ. ಕೊಟ್ಟಿದ್ದಕ್ಕೆ ಕೈ ಮುಗಿದೆ. ಕೊಡದೇ ಹೋದದ್ದನ್ನು ನಾನೇ ಸಂಪಾದಿಸಿಕೊಳ್ಳಬೇಕು ಎಂದುಕೊಂಡೆ.

ನಾದಿನಿ ಎಂದರೆ ನಮ್ಮ ಯಜಮಾನರ ಅಕ್ಕ. ರಿಚರ್ಡ್ಸ್ ಟೌನಿನಲ್ಲಿ ಹೂದೋಟವಿರುವ ಮನೆ. ಅವರ ಯಜಮಾನರು, ನಮಗೆ ಭಾವನವರು, ದೊಡ್ಡ ಹುದ್ದೆಯಲ್ಲಿದ್ದವರು. ಅವರು ಹೊಸ ಕಾರು ತೆಗೆದುಕೊಂಡಾಗ ಹಳೆಯದನ್ನು ನಮಗೆ ಕೊಟ್ಟರು. ಪುಕ್ಕಟೆಯಲ್ಲ, ಕೇಳಿದ ಬೆಲೆ ಎಣಿಸಿಕೊಂಡೇ. ಆದರೂ ಊರಿಗೆಲ್ಲ ಅದು "ನಾವು ತಮ್ಮನಿಗೆ ಕೊಟ್ಟ ಕಾರು" ಆಗಿಹೋಯಿತು. ಮದುವೆ, ಮುಂಜಿ, ಸೀಮಂತ ಎಲ್ಲೇ ಹೋಗಲಿ, ನಾವು ಇಳಿಯುವ ಮೊದಲೇ ಆ ಮಾತು ಇಳಿದು ನಮಗಿಂತ ಮುಂದೆ ಒಳಗೆ ಹೋಗಿರುತ್ತಿತ್ತು.

ಆವತ್ತು ಅವರ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಆಗತಾನೆ ಬಂದು ಗೇಟಿನ ಹತ್ತಿರ ನಿಂತಿದ್ದರು. ನಮ್ಮ ಯಜಮಾನರು ನಿಧಾನವಾಗಿ ಗೇಟಿನ ಕಡೆಗೆ ತಿರುಗಿಸಿದರು. ಕಟ್ ಎಂದಿತು. ಕಾರು ನಮಸ್ಕಾರ ಮಾಡುವವರ ಹಾಗೆ ಎಡಗಡೆಗೆ ಬಗ್ಗಿತು. ನನ್ನ ಮಡಿಲಲ್ಲಿದ್ದ ಹಣ್ಣಿನ ತಟ್ಟೆ ಜಾರಿ ಮೂಸಂಬಿಗಳು ಉರುಳಿಹೋದವು. ಇಳಿದು ನೋಡಿದರೆ ಚಕ್ರ ಒಳಕ್ಕೆ ಮಡಿಚಿಕೊಂಡು ಬಿದ್ದಿದೆ.

ಭಾವನವರು ಓಡಿ ಬಂದರು. ನಮಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ. ಗಂಡಿನವರಿಗೆ ಕೇಳುವ ಹಾಗೆ, "ನನ್ನತ್ರ ಇದ್ದಷ್ಟು ದಿನ ಒಂದಿನ ತೊಂದ್ರೆ ಕೊಡ್ಲಿಲ್ಲ ಇದು. ಕಾರು ಇಟ್ಕೊಳ್ಳೋದಕ್ಕೂ ಕೈ ಬೇಕು ಕಣಯ್ಯ," ಎಂದರು.

ಗಂಡಿನ ಕಡೆಯ ಹಿರಿಯರೊಬ್ಬರು ನಕ್ಕರು. ಆಗ ನಾದಿನಿ ಮೆಟ್ಟಿಲ ಮೇಲೆ ನಿಂತುಕೊಂಡೇ ಹೇಳಿದ ಮಾತು ಇದು: "ಹೋಗ್ಲಿ ಬಿಡೀಂದ್ರೆ. ಪಾಪ, ಅವರಿಗೆ ಅಭ್ಯಾಸ ಇಲ್ಲ."

ಪಾಪ. ನಮ್ಮ ಭಾಷೆಯಲ್ಲಿ ಈ ಪದಕ್ಕೆ ಎರಡು ಮುಖ. ಮಾಡಿದರೂ ಪಾಪ, ಅನ್ನಿಸಿಕೊಂಡರೂ ಪಾಪ. ಕಂಡಕಂಡವರಿಗೆಲ್ಲ ಪಾಪ ಪಾಪ ಎಂದು ಹಂಚುವವರು ಪುಣ್ಯವನ್ನೆಲ್ಲ ತಮಗೇ ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೈಗುಳಕ್ಕೆ ಎದುರುತ್ತರ ಇದೆ. ಪಾಪ ಎಂದವರಿಗೆ ಏನು ಹೇಳುವುದು?

ಊಟವಾದ ಮೇಲೆ ಕಾರನ್ನು ಮನೆಗೆ ಸಾಗಿಸಬೇಕಲ್ಲ. ಸೌದೆ ಇಳಿಸಿ ಖಾಲಿ ಹೊರಟಿದ್ದ ಒಂದು ಎತ್ತಿನ ಗಾಡಿಯವನನ್ನು ನಮ್ಮ ಯಜಮಾನರು ಹಿಡಿದರು. ನಾಲ್ಕು ಜನ ಸೇರಿ ಕಾರಿನ ಮೂತಿಯನ್ನು ಎತ್ತಿ ಗಾಡಿಯ ಹಿಂಭಾಗಕ್ಕೆ ಹಗ್ಗದಲ್ಲಿ ಬಿಗಿದರು. ಹಿಂದಿನ ಎರಡು ಚಕ್ರ ಉರುಳಿಕೊಂಡು, ಮುಂದೆ ಎರಡು ಎತ್ತು ನಡೆದುಕೊಂಡು, ಕಾರು ಹಲಸೂರು ಕೆರೆ ದಾಟಿ ಇಂದಿರಾನಗರಕ್ಕೆ ಮೆರವಣಿಗೆ ಬಂತು. ಆಗ ಇಂದಿರಾನಗರವೆಂದರೆ ಅಲ್ಲೊಂದು ಇಲ್ಲೊಂದು ಹೊಸ ಮನೆ, ನಡುವೆ ರಾಗಿ ಹೊಲ. ಹೊಲದಲ್ಲಿದ್ದವರೆಲ್ಲ ನೇರ ನಿಂತು ನೋಡಿದರು. ಗಾಡಿಯವನಿಗೆ ಬಹಳ ಖುಷಿ. "ಅಮ್ಮೋರೇ, ಎತ್ತಿಗೆ ಪೆಟ್ರೋಲ್ ಹಾಕ್ಬೇಕಾ, ಕಾರಿಗೆ ಹುಲ್ಲು ಹಾಕ್ಬೇಕಾ?" ಎಂದು ಕೇಳಿದ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನ ಮಾತಿನಲ್ಲಿ ಪಾಪ ಇರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದೆ. ಹಚ್ಚಿ ಹೇಳಿಕೊಂಡೆ: "ಸ್ವಾಮಿ, ಮದುವೆಗೆ ಇದೇ ಕಾರಿನಲ್ಲಿ ಹೋಗಿ ಅವಳ ಕಣ್ಣೆದುರು ಇಳಿಯಬೇಕು. ಅವರ ಕಾರಿನಲ್ಲಿ ಕೂರುವುದಿಲ್ಲ. ಇದು ಆಗದಿದ್ದರೆ ಛತ್ರದವರೆಗೆ ನಡೆದೇ ಹೋಗುತ್ತೇನೆ." ಇಂಥದ್ದನ್ನೆಲ್ಲ ದೇವರ ಹತ್ತಿರ ಕೇಳಬಾರದು ಎನ್ನುತ್ತಾರೆ. ಒಳ್ಳೆಯದನ್ನು ಮಾತ್ರ ಕೇಳಬೇಕಂತೆ. ನನಗೆ ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ.

ನಾವು ಹೋಗದೆ ಇರುವ ಹಾಗೂ ಇರಲಿಲ್ಲ. ನಮ್ಮ ಯಜಮಾನರು ಹುಡುಗಿಗೆ ಸೋದರಮಾವ. ಹೆಣ್ಣನ್ನು ಹಸೆಮಣೆಗೆ ಕರೆತರುವುದು ಸೋದರಮಾವನ ಕೆಲಸ. ಅಕ್ಕನಿಗೆ ಇವರು ಒಬ್ಬರೇ ತಮ್ಮ. ಆದ್ದರಿಂದ ಹೋಗುವುದು ಹೌದು. ಯಾವುದರಲ್ಲಿ ಹೋಗುತ್ತೇವೆ ಎಂಬುದಷ್ಟೇ ಪ್ರಶ್ನೆ.

ನಮ್ಮ ಯಜಮಾನರು ವಿಮಾನಪುರದ ಕಾರ್ಖಾನೆಯಲ್ಲಿ ಸ್ಟೋರ್ಸ್ ವಿಭಾಗದಲ್ಲಿದ್ದರು. ಜಗತ್ತಿನ ಎಲ್ಲ ನಟ್ಟು ಬೋಲ್ಟುಗಳು ಅವರಿಗೆ ಗೊತ್ತು, ಆದರೆ ಕಪಾಟಿನಲ್ಲಿ ಇಟ್ಟ ಹಾಗೆ ಮಾತ್ರ. ಅವುಗಳನ್ನು ಬಿಚ್ಚಿ ಕಟ್ಟಿದವರಲ್ಲ. ಗ್ಯಾರೇಜಿಗೆ ಕೊಡೋಣ ಎಂದರು. ಗ್ಯಾರೇಜಿನವರು ಬಂದು ನೋಡಿ, ಲಗ್ನದ ಕಾಲ, ಎಲ್ಲರ ಕಾರೂ ನಮ್ಮಲ್ಲೇ ಇದೆ, ಮುಂದಿನ ತಿಂಗಳು ನೋಡೋಣ ಎಂದು ಹೋದರು. ಮದುವೆ ಈ ತಿಂಗಳೇ.

"ಹಾಗಾದ್ರೆ ನಾವೇ ಮಾಡೋಣ," ಎಂದೆ.

"ನಾವೇ ಅಂದ್ರೆ?"

"ನೀವು ಬಿಚ್ಚೋದು, ನಾನು ತೊಳೆಯೋದು."

"ಇದೇನು ಪಾತ್ರೆನೇನೇ?"

"ಪಾತ್ರೆ ಬಿದ್ರೆ ಸೊಟ್ಟ ಆಗುತ್ತೆ, ಇದು ಮುರಿದಿದೆ. ಅಷ್ಟೇ ವ್ಯತ್ಯಾಸ."

ಅವರು ನಗಲಿಲ್ಲ. ಆದರೆ ಮಾರನೆಯ ದಿನ ಕಾರ್ಖಾನೆಯ ಸ್ನೇಹಿತರ ಹತ್ತಿರ ಸ್ಪ್ಯಾನರುಗಳನ್ನೂ ಜ್ಯಾಕನ್ನೂ ಕೇಳಿ ತಂದರು. ಮುಂದಿನ ಚಕ್ರಗಳನ್ನು ಬಿಚ್ಚಿ, ಕಾರಿನ ಮೂತಿಯನ್ನು ಎತ್ತಿ, ಮನೆ ಕಟ್ಟಿ ಉಳಿದಿದ್ದ ಸೈಜುಗಲ್ಲುಗಳ ಮೇಲೆ ಕೂರಿಸಿದರು. ಕಾರು ಹಿಂದಕ್ಕೆ ಉರುಳದಂತೆ ಹಿಂದಿನ ಚಕ್ರಕ್ಕೆ ನನ್ನ ರುಬ್ಬುಗುಂಡನ್ನು ಅಡ್ಡ ಇಟ್ಟೆವು. ಕಾರು ಎದ್ದು ನಿಲ್ಲುವ ತನಕ ನಮ್ಮ ಮನೆಯಲ್ಲಿ ದೋಸೆ ಇಡ್ಲಿ ಇರಲಿಲ್ಲ, ಬರೀ ಉಪ್ಪಿಟ್ಟು ಅವಲಕ್ಕಿ. ಯಾರೂ ಗೊಣಗಲಿಲ್ಲ ಎಂಬುದು ಒಂದು ಭಾಗ್ಯ.

ಎತ್ತಿನ ಗಾಡಿಗಾದರೆ ಒಂದೇ ಅಚ್ಚು, ಆ ಕಡೆಯಿಂದ ಈ ಕಡೆಗೆ. ನಮ್ಮ ಕಾರಿಗೆ ಮುಂದೆ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಆಕ್ಸಲ್. ಒಂದೊಂದೂ ಒಂದು ದಪ್ಪ ಕಬ್ಬಿಣದ ಗೂಟದ ಮೇಲೆ ಬಾಗಿಲು ತಿರುಗಿದ ಹಾಗೆ ತಿರುಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಹಾಗೆ. ಆ ಗೂಟಕ್ಕೆ ಕಿಂಗ್‌ಪಿನ್ ಎನ್ನುತ್ತಾರೆ. ಬಾಗಿಲಿಗೆ ಎಣ್ಣೆ ಬಿಟ್ಟ ಹಾಗೆ ಅದಕ್ಕೆ ಆಗಾಗ ಗ್ರೀಸ್ ತುಂಬಬೇಕು. ತುಂಬಲು ಸಣ್ಣದೊಂದು ಮೂತಿ ಇರುತ್ತದೆ.

ಆ ಮೂತಿಯನ್ನು ಹುಡುಕಲು ಇವರಿಗೆ ಬಹಳ ಹೊತ್ತು ಹಿಡಿಯಿತು. ಕಾರಿನ ಕೆಳಗೆ ಮಲಗಿದ್ದವರು ಚಾಕು ಕೇಳಿದರು. ಕೊಟ್ಟೆ. ಕೆರೆದರು. ಕಪ್ಪು ಬಣ್ಣ ಪದರ ಪದರವಾಗಿ ಎದ್ದು ಬಂತು. ಅದರೊಳಗೆ ಮೂತಿ, ಒಂದು ತೊಟ್ಟು ಗ್ರೀಸನ್ನೂ ಕಂಡಿಲ್ಲದ ಹಾಗೆ, ಬಾಯಿ ಮುಚ್ಚಿಕೊಂಡು ಕೂತಿತ್ತು. ಬಲಗಡೆಯದನ್ನೂ ಕೆರೆದರು. ಅದೂ ಹಾಗೇ. ಅಂದರೆ ಭಾವನವರ ಕಾಲದಲ್ಲಿ ಮೇಲಿಂದ ಮೇಲೆ ಬಣ್ಣ ಹೊಡೆಸಿ ಥಳಥಳ ಮಾಡಿದ್ದಾರೆ. ಗ್ರೀಸ್ ಮಾತ್ರ ಒಂದು ಸಲವೂ ಹಾಕಿಸಿಲ್ಲ.

ನಮ್ಮ ಯಜಮಾನರು ಕಾರಿನ ಕೆಳಗಿಂದ ಹೊರಗೆ ಬಂದು ಮಣ್ಣಿನಲ್ಲೇ ಕೂತರು. ಅಕ್ಕನ ಬಗ್ಗೆ ಭಾವನ ಬಗ್ಗೆ ಒಂದು ಮಾತು ಆಡಿದವರಲ್ಲ. ನಾನು ಆಡಿದರೆ ಎದ್ದು ಹೋಗುತ್ತಿದ್ದವರು. ಆವತ್ತು ಮಾತ್ರ ಹೀಗೆ ಹೇಳಿದರು: "ಹುಟ್ಟಿದಾಗಿಂದ ಯಾರೂ ಇದಕ್ಕೆ ಒಂದು ಲೋಟ ನೀರು ಕುಡಿಸಿಲ್ಲ ಕಣೇ. ನನಗೆ ಕೈ ಇಲ್ಲ ಅಂತಾರೆ."

ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ತಂದುಕೊಟ್ಟೆ. ಆವತ್ತಿನವರೆಗೆ ಸೇಡು ನನ್ನೊಬ್ಬಳದಾಗಿತ್ತು. ಈಗ ಇಬ್ಬರಾದೆವು.

ಮುರಿದದ್ದು ಎಡಗಡೆಯ ಆಕ್ಸಲ್. ಆದರೆ ಇವರು ಎರಡನ್ನೂ ಬದಲಾಯಿಸಬೇಕು ಎಂದರು. "ಒಂದು ಮುರಿದು ನಿಜ ಹೇಳಿದೆ. ಇನ್ನೊಂದು ನಿಂತುಕೊಂಡು ಸುಳ್ಳು ಹೇಳ್ತಿದೆ," ಎಂದರು. ಶಿವಾಜಿನಗರದ ಗುಜರಿ ಸಾಲಿಗೆ ಬಸ್ಸಿನಲ್ಲಿ ಹೋದೆವು. ಇವರೊಬ್ಬರನ್ನೇ ಕಳಿಸಿದರೆ ಮೊದಲ ಅಂಗಡಿಯವನು ಇಲ್ಲ ಎಂದರೆ ನಮಸ್ಕಾರ ಹೇಳಿ ವಾಪಸ್ಸು ಬರುವವರು. ಅದಕ್ಕೆ ನಾನೂ ಹೊರಟೆ. ಒಂದು ಅಂಗಡಿಯಲ್ಲಿ ಮುದುಕರೊಬ್ಬರು ಚಹಾ ಕುಡಿಯುತ್ತ ಕೂತಿದ್ದರು. ನಮ್ಮ ಮುರಿದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ ಒಳಗಿನಿಂದ ಎಣ್ಣೆ ಕಾಗದದಲ್ಲಿ ಸುತ್ತಿದ್ದ ಆಕ್ಸಲ್ ಜೋಡಿಯೊಂದನ್ನು ತಂದಿಟ್ಟರು. ಗೂಟ, ಗೂಟಕ್ಕೆ ತೊಡಿಸುವ ಬಳೆಯಂಥ ಬುಷ್ಷು ಎಲ್ಲ ಸಮೇತ, ಇನ್ನೂ ಯಾರೂ ಹಾಕದ ಮಾಲು.

"ಬರೀ ಎಡದ್ದು ಕೇಳಿದ್ರೆ ಕೊಡ್ತೀರಾ?" ಎಂದು ಸುಮ್ಮನೆ ಕೇಳಿದೆ.

"ನಹೀಂ ಅಮ್ಮಾ. ಇದು ಮಿಯಾಂ-ಬೀಬಿ ಜೋಡಿ. ಒಬ್ರು ಬಂದ್ರೆ ಇನ್ನೊಬ್ರು ಬರ್ಲೇಬೇಕು. ನೋಡಿ, ನೀವೂ ಬಂದಿದೀರಲ್ಲ ಜೊತೆಗೆ?"

ಇವರು ಕೆಮ್ಮಿದರು. ನಾನು ಚೀಲ ಒಡ್ಡಿದೆ. ತರಕಾರಿ ಚೀಲದ ಅಡಿಯಲ್ಲಿ ಆಕ್ಸಲ್ಲು, ಮೇಲೆ ಎರಡು ಕಟ್ಟು ದಂಟಿನಸೊಪ್ಪು. ಬಸ್ಸಿನಲ್ಲಿ ಕಂಡಕ್ಟರು ಚೀಲವನ್ನು ಕಾಲಿನಿಂದ ಸರಿಸಲು ನೋಡಿ, ಸರಿಯದೆ, "ಏನಮ್ಮಾ, ಸೊಪ್ಪು ಇಷ್ಟೊಂದು ಭಾರನಾ?" ಎಂದ. "ಕಬ್ಬಿಣದ ಅಂಶ ಜಾಸ್ತಿ ಕಣಪ್ಪಾ," ಎಂದೆ. ಬಸ್ಸಿನ ಜನ ನಕ್ಕರು. ಬಹಳ ದಿನದ ಮೇಲೆ ನಾನೂ ನಕ್ಕೆ.

ಹಳೆಯ ಗೂಟಗಳು ಮಾತ್ರ ಹೊರಗೆ ಬರಲು ಒಪ್ಪಲಿಲ್ಲ. ತುಕ್ಕು ಹಿಡಿದು ಕಬ್ಬಿಣಕ್ಕೆ ಕಬ್ಬಿಣ ಬೆಸೆದುಹೋಗಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ನೆನೆಸಿ ಸುತ್ತಿಟ್ಟೆವು. ಸಂಜೆ ಸಂಜೆ ಕಾರ್ಖಾನೆಯಿಂದ ಬಂದವರು ಅಂಗಿ ಬಿಚ್ಚಿ ಸುತ್ತಿಗೆ ಹಿಡಿಯುವರು. ಹೊಡೆದು ಹೊಡೆದು ಸಾಕಾಗಿ ಎದ್ದು ಬರುವರು. ಕೊನೆಗೆ ಒಂದು ಭಾನುವಾರ ನಾನು ಸ್ನಾನದ ಹಂಡೆಯಲ್ಲಿ ನೀರು ಕುದಿಸಿ, ಚೊಂಬು ಚೊಂಬಾಗಿ ತಂದು ಗೂಟದ ಸುತ್ತಲಿನ ಕಬ್ಬಿಣದ ಮೇಲೆ ಹೊಯ್ದೆ. ಅಭಿಷೇಕ ಮಾಡಿದ ಹಾಗೆಯೇ, ಎಡೆಬಿಡದೆ. ಬಿಸಿಗೆ ಹಿಡಿತ ಸಡಿಲವಾಯಿತು. ಪ್ರತಿ ಏಟಿಗೂ ನಾನು ಮನಸ್ಸಿನಲ್ಲಿ ಒಂದು ಹೆಸರು ಹೇಳುತ್ತಿದ್ದೆ. ಅದು ದೇವರ ಹೆಸರಾಗಿರಲಿಲ್ಲ. ಗೂಟ ಬಂತು. ಎರಡನೆಯದೂ ಬಂತು.

ಕಾರು ಹೀಗೆ ಕಲ್ಲಿನ ಮೇಲೆ ಕೂತಿದ್ದಾಗಲೇ ನಾದಿನಿ ಮದುವೆಗೆ ಕರೆಯಲು ಬಂದರು. ಹೊಸ ಕಾರು, ಡ್ರೈವರು, ಕೈಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲು. ನಾನು ಆಗ ಸೀಮೆಎಣ್ಣೆ ಕೈಯಲ್ಲೇ ಇದ್ದೆ. ಅವರು ಕಾರಿನ ಸುತ್ತ ಸೆರಗು ಎತ್ತಿ ಹಿಡಿದುಕೊಂಡು ನಡೆದರು. ಕಲ್ಲುಗಳನ್ನು ನೋಡಿದರು.

"ಏನಮ್ಮಾ ಇದು, ಕಾರಿಗೂ ಮಡಿನಾ? ನೆಲ ಮುಟ್ಟಲ್ವಾ?" ಎಂದು ನಕ್ಕರು.

"ಹೂಂ ಅಕ್ಕ. ಮೈಲಿಗೆ ಕಳೀಬೇಕಲ್ಲ. ಎಷ್ಟು ವರ್ಷದ್ದೋ," ಎಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ. ತಮ್ಮನ ಕಡೆ ತಿರುಗಿ, "ಮುಹೂರ್ತ ಬೆಳಿಗ್ಗೆನೇ ಕಣೋ. ನೀನು ಹೊತ್ತಿಗೆ ಸರಿಯಾಗಿ ಇರ್ಬೇಕು. ಇದನ್ನೆಲ್ಲಾ ನೆಚ್ಕೊಂಡು ಕೂತ್ಕೋಬೇಡ. ನಾನು ನಮ್ಮ ಕಾರು ಕಳಿಸ್ತೀನಿ. ಪಾಪ, ಎಲ್ಲಿ ಬಸ್ಸು ಹುಡುಕ್ತೀರಿ," ಎಂದರು.

ಮತ್ತೆ ಅದೇ ಪದ. ನಾನು ಎಡಗೈಯಲ್ಲಿ ಸೆರಗು ಸರಿಮಾಡಿಕೊಂಡು, ಕೈ ತೊಳೆದು ಬಂದು, ಕುಂಕುಮ ಇಟ್ಟು ಎಲೆ ಅಡಿಕೆ ಕೊಟ್ಟು ಕಳಿಸಿದೆ. ಮನೆಗೆ ಬಂದ ಸುಮಂಗಲಿಯನ್ನು ಬರಿಗೈಲಿ ಕಳಿಸಬಾರದು. ಸೇಡು ಬೇರೆ, ಪದ್ಧತಿ ಬೇರೆ.

ಮದುವೆಯ ಹಿಂದಿನ ದಿನ ಇವರು ರಜೆ ಹಾಕಿದರು. ಅದರಲ್ಲೇ ಹೊಸ ಆಕ್ಸಲ್ಲುಗಳನ್ನು ಕೂರಿಸಿ ಮುಗಿಸಬೇಕಿತ್ತು. ಅವಕ್ಕೆ ಮೆತ್ತಿದ್ದ ದಪ್ಪ ಎಣ್ಣೆಯನ್ನು ನಾನು ಬೆಳಿಗ್ಗೆಯೇ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಒಣಗಲು ಇಟ್ಟಿದ್ದೆ. ಎರಡೂ ನೋಡಲು ಒಂದೇ ಥರ, ಕನ್ನಡಿಯಲ್ಲಿ ಕಂಡ ಪ್ರತಿಬಿಂಬದ ಹಾಗೆ. ಯಾವುದು ಯಾವ ಕಡೆಯದೆಂದು ಮರೆಯದಂತೆ ಗುರುತು ಹಾಕು ಎಂದಿದ್ದರು. ಹಳೆಯ ತುಂಡುಗಳ ಪಕ್ಕ ಇಟ್ಟು ಹೋಲಿಸಿ, ಬಲಗಡೆಯದಕ್ಕೆ ಕುಂಕುಮ ಇಟ್ಟೆ, ಎಡಗಡೆಯದಕ್ಕೆ ಅರಿಶಿನ. ಹಾಗೆಂದು ಅವರಿಗೆ ಹೇಳಿದೆ. ಅವರು ಹೂಂ ಎಂದರು.

ಮಧ್ಯಾಹ್ನದ ಹೊತ್ತಿಗೆ ಒಂದು ಕಡೆಯದು ಕೂತಿತ್ತು. ಗೂಟ ಇಳಿಸಿ, ಅದಕ್ಕೆ ಬೀಗದಂಥ ಸಣ್ಣ ಕಡ್ಡಿ ಬಡಿದು, ತಂತಿಯಲ್ಲಿ ನೇತುಹಾಕಿದ್ದ ಬ್ರೇಕಿನ ತಟ್ಟೆಯನ್ನು ಬಿಗಿದು, ಸ್ಟೀರಿಂಗಿನ ಸರಳನ್ನು ಜೋಡಿಸಲು ಹೋದರೆ ಅದು ಸಿಗಲೇ ಇಲ್ಲ. ಸರಳು ಇರುವುದು ಹಿಂದೆ. ಅದನ್ನು ಹಿಡಿಯಬೇಕಾದ ಆಕ್ಸಲ್ಲಿನ ಕೈ ಚಾಚಿಕೊಂಡಿರುವುದು ಮುಂದಕ್ಕೆ, ರೇಡಿಯೇಟರಿನ ಕಡೆಗೆ.

"ಆ ಮುದುಕ ಟೋಪಿ ಹಾಕ್ದ ಕಣೇ. ಬೇರೆ ಕಾರಿಂದು ಕೊಟ್ಟಿದಾನೆ," ಎಂದರು.

ಶಿವಾಜಿನಗರಕ್ಕೆ ಹೋಗಿ ಬರಲು ಹೊತ್ತಿಲ್ಲ. ನಾಳೆ ಬೆಳಿಗ್ಗೆ ಗೇಟಿನ ಮುಂದೆ ಅವರ ಕಾರು ಬಂದು ನಿಲ್ಲುತ್ತದೆ. ನಾನು ಅದರ ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಇಲ್ಲ, ರೇಷ್ಮೆ ಸೀರೆ ಉಟ್ಟು ಛತ್ರದ ತನಕ ನಡೆಯುತ್ತೇನೆ. ನೋಡೋಣ ಎಂದು ಬಗ್ಗಿದೆ. ಆ ಕಡೆ ಕೂರಿಸಿದ್ದ ಆಕ್ಸಲ್ಲಿನ ಮೇಲೆ ಕೆಂಪು ಬೊಟ್ಟು ಕಂಡಿತು.

"ಇದು ಕುಂಕುಮದ್ದು ಅಲ್ವೇನ್ರೀ? ಇದನ್ನ ಯಾಕೆ ಈ ಕಡೆ ಹಾಕಿದ್ರಿ?"

"ಕುಂಕುಮ ಬಲಕ್ಕೆ ಅಂದೆ. ಬಲಕ್ಕೇ ಹಾಕಿದೀನಿ," ಎಂದು ಕಾರಿನ ಎದುರಿಗೆ ನಿಂತು ತಮ್ಮ ಬಲಗೈ ಎತ್ತಿ ತೋರಿಸಿದರು.

"ಅಯ್ಯೋ, ನಿಮ್ಮ ಬಲ ಅಲ್ಲ! ಅದರ ಬಲ!"

"ಅದರ ಬಲ ಅಂದ್ರೆ?"

"ದಿನಾ ದೇವರಿಗೆ ದೀಪ ಹಚ್ತೀವಿ. ಬಲಕ್ಕೆ ದೀಪ ಇಡು ಅಂದ್ರೆ ನಮ್ಮ ಬಲಕ್ಕೆ ಇಡ್ತೀವಾ? ದೇವರ ಬಲಕ್ಕೆ ತಾನೆ ಇಡೋದು? ಕಾರು ಗೇಟಿನ ಕಡೆ ಮುಖ ಮಾಡ್ಕೊಂಡು ಕೂತಿದೆ. ನಾವು ಎದುರಿಗೆ ನಿಂತಿದೀವಿ."

ಅವರು ಕಾರನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು.

"ಸ್ಟೋರ್ಸ್‌ನಲ್ಲಿ ಕಪಾಟಿನ ಮುಂದೆ ನಿಂತ್ರೆ ನಮ್ಮ ಬಲನೇ ಬಲ ಕಣೇ," ಎಂದರು ಸಣ್ಣ ದನಿಯಲ್ಲಿ.

"ಕಪಾಟು ಎಲ್ಲಿಗೂ ಹೋಗಲ್ಲ. ಇದು ನಾಳೆ ಹೋಗ್ಬೇಕು."

ಪೂಜೆ ಮಾಡುವ ಮನೆಯಲ್ಲಿ ಹುಟ್ಟಿ ಬೆಳೆದವರೇ ಅವರೂ. ಆದರೂ ಅವರ ಮಟ್ಟಿಗೆ ಕಾರು ಒಂದು ಸಾಮಾನು. ನನಗೆ ಪ್ರತಿ ಆಯುಧಪೂಜೆಗೆ ಎದುರು ನಿಂತು ಹೂವಿಟ್ಟು ಕೈ ಮುಗಿದ ಮೂರ್ತಿ. ಇಬ್ಬರೂ ಒಂದೇ ಪದ ಹೇಳಿದ್ದೆವು, ಎರಡು ಕಡೆಯಿಂದ. ಅವರು ಸಿಟ್ಟಿನಿಂದ, ಗುರುತು ಹಾಕಿದವಳು ಒಂದು ಮಾತು ಬಿಡಿಸಿ ಹೇಳಬಾರದಿತ್ತೇ ಎಂದರು. ಕೇಳಿದವರು ಒಂದು ಮಾತು ಕೇಳಬಾರದಿತ್ತೇ ಎಂದೆ. ಜಗಳ ಅಲ್ಲಿಗೇ ನಿಂತಿತು, ಏಕೆಂದರೆ ಬಿಸಿಲು ಆಗಲೇ ಪಶ್ಚಿಮದ ಗೋಡೆ ಹತ್ತಿತ್ತು.

ಕೂರಿಸಿದ್ದನ್ನೆಲ್ಲ ಮತ್ತೆ ಬಿಚ್ಚಿದೆವು. ಹೊಸ ಗೂಟಕ್ಕೆ ಗ್ರೀಸ್ ಹಚ್ಚಿ ಇಳಿಸಿದ್ದರಿಂದ ಎರಡೇ ಏಟಿಗೆ ಬೆಣ್ಣೆಯಲ್ಲಿನ ಚಾಕುವಿನ ಹಾಗೆ ಹೊರಗೆ ಬಂತು. ಭಾವನವರು ಬಿಟ್ಟದ್ದನ್ನು ನಾವು ಮಾಡಿದ್ದರ ಫಲ ಅದೇ ದಿನವೇ ಸಿಕ್ಕಿತು. ಕುಂಕುಮ ಕಾರಿನ ಬಲಕ್ಕೆ, ಅರಿಶಿನ ಕಾರಿನ ಎಡಕ್ಕೆ. ಈ ಸಲ ಸರಳು ತಾನಾಗಿ ಬಂದು ಕೈಹಿಡಿಯಿತು. ಚಕ್ರ ಹಾಕಿ, ಎರಡು ಚಕ್ರಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ನಾನು ಹೂ ಕಟ್ಟುವ ದಾರ ಹಿಡಿದು ಅಳೆದೆ. ಅವರು ಸರಳನ್ನು ಅಷ್ಟಷ್ಟೇ ತಿರುಗಿಸಿ ಚಕ್ರಗಳನ್ನು ನೇರ ಮಾಡಿದರು. ಮೂತಿಗಳಿಗೆ ಗ್ರೀಸ್ ತುಂಬಿದರು, ಉಕ್ಕಿ ಹೊರಗೆ ಬರುವಷ್ಟು. ಕಲ್ಲು ತೆಗೆದು, ಜ್ಯಾಕ್ ಇಳಿಸಿದಾಗ ಕಾರು ಮೆಲ್ಲಗೆ ನೆಲ ಮುಟ್ಟಿತು. ಇನ್ನೂ ಬೆಳಕಿತ್ತು. ರಾಗಿ ಹೊಲದ ಸುತ್ತ ಎರಡು ಸುತ್ತು ಹಾಕಿಕೊಂಡು ಬಂದರು. ಕುಲುಕಲಿಲ್ಲ, ಎಳೆಯಲಿಲ್ಲ. ಇಳಿದು ಬಂದು ಮತ್ತೆ ಎಲ್ಲ ಬೋಲ್ಟುಗಳನ್ನೂ ಬಿಗಿದರು. ರುಬ್ಬುಗುಂಡನ್ನು ನಾನು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದೆ.

ಮುರಿದ ಹಳೆಯ ತುಂಡನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು, ಜರಿ ಬಟ್ಟೆ ಹೊದಿಸಿ, ಭಾವನವರಿಗೆ ಉಡುಗೊರೆ ಕೊಡೋಣವೇ ಎಂದು ಕೇಳಿದೆ. ನಿಜವಾಗಿಯೇ ಕೇಳಿದೆ. ತಟ್ಟೆಯನ್ನೂ ತೆಗೆದಿಟ್ಟಿದ್ದೆ. ಇವರು ಬೇಡವೆಂದರು. ಆ ತುಂಡು ಈಗಲೂ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮರದ ಮುಚ್ಚಳದ ಮೇಲೆ ಭಾರಕ್ಕೆ ಕೂತಿದೆ. ಅಷ್ಟಾದರೂ ಉಪಯೋಗಕ್ಕೆ ಬಂತು.

ಬೆಳಿಗ್ಗೆ ಹೇಳಿದಂತೆಯೇ ಅವರ ಕಾರು ಬಂತು. ಡ್ರೈವರು ಒಳ್ಳೆಯವನು. ಅವನಿಗೆ ಕಾಫಿ ಕೊಟ್ಟೆ.

"ನಾವು ನಮ್ಮ ಕಾರಲ್ಲೇ ಬರ್ತೀವಿ ಕಣಪ್ಪಾ. ನೀನು ಖಾಲಿ ಹೋಗ್ಬೇಡ. ಈ ಬಾಳೆಗೊನೆ, ತೆಂಗಿನಕಾಯಿ ಮೂಟೆ ಹಿಂದಿನ ಸೀಟಲ್ಲಿ ಇಟ್ಕೊಂಡು ಹೋಗು."

"ಸೀಟಿನ ಮೇಲಾ ಅಮ್ಮಾ? ಅಮ್ಮೋರು ಬಯ್ತಾರೆ."

"ಸೋದರಮಾವನ ಮನೆ ಮಂಗಳದ್ರವ್ಯ. ಕಾಲ ಕೆಳಗೆ ಇಡ್ತಾರಾ?"

ಅವನು ಬಾಳೆಗೊನೆಯನ್ನು ಸೀಟಿನ ಮೇಲೆ ಕೂರಿಸಿಕೊಂಡು ಹೊರಟ. ಅವರ ಹೊಸ ಕಾರು ನಮ್ಮ ಸಾಮಾನು ಹೊತ್ತುಕೊಂಡು ಮುಂದೆ, ನಾವು ನಮ್ಮದರಲ್ಲಿ ಹಿಂದೆ. ಹಲಸೂರಿನ ಛತ್ರದ ಬಾಗಿಲಲ್ಲಿ ಭಾವನವರು ಪನ್ನೀರು ಚಿಮುಕಿಸುತ್ತ ನಿಂತಿದ್ದರು. ಮೊದಲು ಬಾಳೆಗೊನೆ ಇಳಿಯಿತು, ಆಮೇಲೆ ನಾವು ಇಳಿದೆವು. ಭಾವನವರು ಪನ್ನೀರುದಾನಿ ಕೈಯಲ್ಲಿ ಹಿಡಿದುಕೊಂಡೇ ಬಂದು, ರೇಷ್ಮೆ ಪಂಚೆ ಮೇಲೆತ್ತಿ, ಬಗ್ಗಿ, ಚಕ್ರ ನೋಡಿದರು. ಬರಿಗಾಲಿನ ತುದಿಯಿಂದ ಒಂದು ಸಲ ಒದ್ದರು. ಚಕ್ರ ಅಲ್ಲಾಡಲಿಲ್ಲ. ಅವರ ಕಾಲಿಗೇ ನೋವಾಗಿರಬೇಕು, ದೇವರು ದೊಡ್ಡವನು.

ಆದರೆ ನನಗೆ ಬೇಕಾಗಿದ್ದವರು ಅವರಲ್ಲ. ನಾದಿನಿ ಒಳಗೆ ಹೆಣ್ಣಿನ ಅಲಂಕಾರದಲ್ಲಿದ್ದರು. ನಾವು ಬಂದದ್ದನ್ನು ನೋಡಲೇ ಇಲ್ಲ. ಇಷ್ಟು ದಿನ ಕಾದು, ಇಷ್ಟು ಸೀಮೆಎಣ್ಣೆ ಕುಡಿಸಿ, ಕೊನೆಗೆ ನೋಡಬೇಕಾದವರೇ ನೋಡಲಿಲ್ಲ ಎಂದಾಗ ನನಗೆ ಊಟವೂ ರುಚಿಸಲಿಲ್ಲ. ಇವರು ಹುಡುಗಿಯನ್ನು ಕರೆತಂದರು, ಮುಹೂರ್ತ ಸರಿಯಾಗಿ ಆಯಿತು, ಅಕ್ಷತೆ ಹಾಕಿದೆವು. ಹುಡುಗಿ ಚೆನ್ನಾಗಿರಲಿ. ಅವಳ ಮೇಲೆ ನನಗೇನೂ ಇಲ್ಲ. ಆದರೆ ನನ್ನ ಕೆಲಸ ಬಾಕಿ ಉಳಿಯಿತು.

ಊಟ ಮುಗಿದು ಹೆಣ್ಣು ಒಪ್ಪಿಸುವ ಸಿದ್ಧತೆ ನಡೆಯುತ್ತಿದ್ದಾಗ ನಾದಿನಿ ಗಾಬರಿಯಿಂದ ಹೊರಗೆ ಬಂದರು. ಮಡಿಲು ತುಂಬುವ ಸೀರೆ ಮನೆಯ ಬೀರುವಿನಲ್ಲೇ ಉಳಿದುಹೋಗಿದೆ. ಬೀರುವಿನ ಕೀ ಅವರ ಸೊಂಟದಲ್ಲಿ, ಬೇರೆಯವರಿಗೆ ಕೊಡುವವರಲ್ಲ. ಅವರ ಕಾರು ಗಂಡಿನ ಕಡೆಯ ಹಿರಿಯರನ್ನು ಸ್ಟೇಷನ್ನಿಗೆ ಬಿಡಲು ಹೋಗಿತ್ತು. ಜಟಕಾ ಹುಡುಕಿದರೆ ಹೊತ್ತು ಮೀರುತ್ತದೆ. ಅತ್ತ ಇತ್ತ ನೋಡಿದರು. ಬಾಗಿಲಲ್ಲಿ ನಿಂತಿದ್ದುದು ನಮ್ಮ ಕಾರೊಂದೇ.

"ಸ್ವಲ್ಪ ಮನೇ ತನಕ..." ಎಂದರು ತಮ್ಮನಿಗೆ.

ಇವರು ನನ್ನ ಮುಖ ನೋಡಿದರು. ನಾನು ಹಿಂದಿನ ಬಾಗಿಲು ತೆರೆದೆ. ಮುಂದಿನ ಸೀಟಿನಲ್ಲಿ ನಾನು ಕೂತೆ.

ಕಾರು ಕೆರೆಯ ಪಕ್ಕದ ರಸ್ತೆಗೆ ಬಂದಾಗ ನಾದಿನಿ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕನ್ನಡಿಯಲ್ಲಿ ಕಾಣುತ್ತಿತ್ತು. ತಿರುವು ಬಂತು, ಕಾರು ತಿರುಗಿತು. ಹಳ್ಳ ಬಂತು, ದಾಟಿತು. ರಿಚರ್ಡ್ಸ್ ಟೌನಿನ ಮರಗಳು ಕಾಣುವ ಹೊತ್ತಿಗೆ ಅವರ ಕೈ ಸಡಿಲವಾಗಿ ಮಡಿಲಿಗೆ ಬಂದಿತ್ತು.

"ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ?" ಎಂದು ಕೇಳಿದರು.

ಈ ಪ್ರಶ್ನೆಗೆ ನಾನು ಆ ಸೀಮೆಎಣ್ಣೆಯ ದಿನಗಳಲ್ಲೆಲ್ಲ ಉತ್ತರ ಹೊಸೆದುಕೊಂಡಿದ್ದೆ. ಬಣ್ಣ ಮುಚ್ಚಿದ ಮೂತಿಯ ಮಾತು, ಕೈ ಬೇಕು ಎಂದದ್ದಕ್ಕೆ ತಿರುಗುಮಾತು, ಉದ್ದದ್ದೊಂದು ಇತ್ತು. ಬಾಯಿಗೆ ಬಂದದ್ದು ಒಂದೇ ಪದ.

"ಮನೇಲಿ."

"ಮನೇಲಿ ಅಂದ್ರೆ? ಯಾರು?"

"ನಾನೂ ಇವರೂ."

ನಾದಿನಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರು ಏನೂ ಹೇಳಲಿಲ್ಲ. ನನ್ನ ಇಡೀ ಸಂಸಾರದಲ್ಲಿ ಅವರು ಏನೂ ಹೇಳದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿತ್ತೆಂದರೆ, ದೇವಸ್ಥಾನದಲ್ಲಿ ಮಂಗಳಾರತಿ ಆದಮೇಲೆ ಗಂಟೆ ನಿಂತಾಗ ಇರುತ್ತದಲ್ಲ, ಹಾಗೆ.

ಅವರ ಮನೆಯ ಗೇಟು ಬಂತು. ಊಟವಾಗಿ ಎಲ್ಲರೂ ಮಲಗುವ ಹೊತ್ತು. ಅಕ್ಕಪಕ್ಕದ ಮನೆಗಳ ಬಾಗಿಲು ಹಾಕಿತ್ತು. ಬೀದಿಯಲ್ಲಿ ಯಾರೂ ಇಲ್ಲ. ನಾದಿನಿ ಸೀರೆ ಒತ್ತರಿಸಿಕೊಂಡು ಬೇಗ ಇಳಿದು ಒಳಗೆ ಹೋಗಿಬಿಡುವ ಆತುರದಲ್ಲಿದ್ದರು.

"ಹಾರ್ನ್ ಹೊಡೀರಿ," ಎಂದೆ ಇವರಿಗೆ.

"ಯಾಕೆ? ಗೇಟು ತೆಗ್ದೇ ಇದೆಯಲ್ಲ."

"ಹೊಡೀರಿ ಅಂದ್ನಲ್ಲ."

ಇವರು ನನ್ನನ್ನು ನೋಡಿದರು. ಆಮೇಲೆ, ಮೆಲ್ಲಗೆ ಒಂದು ಸಲ ಒತ್ತಿ ಬಿಡುವ ಮನುಷ್ಯ, ಅಂಗೈಯನ್ನೇ ಇಟ್ಟು ಒತ್ತಿದರು. ಎದುರು ಮನೆಯ ಬಾಗಿಲು ತೆರೆಯಿತು, ಪಕ್ಕದ ಮನೆಯದು ತೆರೆಯಿತು, ಮೇಲಿನ ಮಹಡಿಯ ಕಿಟಕಿಯಿಂದ ಇಬ್ಬರು ಹೆಂಗಸರು ಇಣುಕಿದರು. ನಾದಿನಿ ಒಂದು ಕಾಲು ನೆಲದ ಮೇಲೆ, ಒಂದು ಕಾಲು ನಮ್ಮ ಕಾರಿನಲ್ಲಿ ಇಟ್ಟುಕೊಂಡು ನಿಂತುಬಿಟ್ಟರು.

"ನಿಧಾನವಾಗಿ ಇಳೀರಿ ಅಕ್ಕ," ಎಂದೆ. "ನಮಗೇನೂ ಅವಸರ ಇಲ್ಲ."